ಕೋಚ್ ಸ್ಟೌಫರ್ ಅವರ ಅಪೂರ್ಣ ವಿದಾಯ

ಇಂಡಿಯಾನಾದ ಮಾರ್ಲ್‌ಕ್ರೀಕ್ ಪಟ್ಟಣದ ಬ್ರುಬೇಕರ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋಚ್ ಡೆಲ್ಬರ್ಟ್ ಸ್ಟೌಫರ್ ಅವರು ನಿವೃತ್ತರಾಗಲು ಇಚ್ಛಿಸಿರುವುದನ್ನು ಕಾಲೇಜು ಅತ್ಯಂತ ಗೌರವದಿಂದ ಗಮನಿಸಿದೆ ಎಂದು ಬೇಸಿಗೆಯ ಕೊನೆಯಲ್ಲಿ ಪ್ರಕಟಣೆ ಹೊರಬಿತ್ತು. ಅದರಲ್ಲಿ ಅವರ ಸೇವೆಯ ಬಗ್ಗೆ ಒಂದು ಪ್ಯಾರಾ, ಶಿಸ್ತಿನ ಬಗ್ಗೆ ಒಂದು ಪ್ಯಾರಾ, ಅವರ ಕಂದು ಕೋಟಿನ ಬಗ್ಗೆ ಎರಡು ಪ್ಯಾರಾ ಇದ್ದವು. ನಿವೃತ್ತಿಯನ್ನು ಒಪ್ಪಿಕೊಳ್ಳಲಾಗಿದೆ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಊರಿನಲ್ಲಿ ಇದನ್ನು ಕಂಡುಕೊಂಡವರು ಒಬ್ಬರೇ, ಕೋಚ್ ಅವರ ಹೆಂಡತಿ ಆರ್ಲೀನ್. ಹೈಸ್ಕೂಲಿನಲ್ಲಿ ಟೈಪಿಂಗ್ ಕಲಿಸಿ ನಿವೃತ್ತಳಾಗಿದ್ದ ಆಕೆಗೆ ಯಾವ ಕಾಗದವನ್ನಾದರೂ ಎರಡು ಸಲ ಓದುವ ಅಭ್ಯಾಸವಿತ್ತು.

ಮನೆಯೊಳಗೆ ಅವನು ಡೆಲ್ಬರ್ಟ್. ಹೊಸ್ತಿಲು ದಾಟಿದರೆ ಪಾದ್ರಿಯಿಂದ ಹಿಡಿದು ದಂತವೈದ್ಯರವರೆಗೆ ಎಲ್ಲರಿಗೂ ಕೋಚ್. ಮದುವೆಯಾದಂದಿನಿಂದ ಚಳಿಗಾಲದ ಮಂಗಳವಾರಗಳೆಲ್ಲ ಕಾಲೇಜಿನ ಪಾಲಾಗಿದ್ದವು, ಏಕೆಂದರೆ ಮಂಗಳವಾರ ಪಂದ್ಯ. ಟೀವಿಯಲ್ಲಿ 'ಗ್ರೇಸನ್ ಆಸ್ಪತ್ರೆ' ಧಾರಾವಾಹಿ ಬರುತ್ತಿದ್ದುದೂ ಮಂಗಳವಾರವೇ. ಆರ್ಲೀನ್ ಸೋಫಾದ ಎಡಬದಿಯಲ್ಲಿ ಒಬ್ಬಳೇ ಕೂತು ನೋಡುತ್ತಿದ್ದಳು. ಆಕೆಗೆ ಈ ಲೋಕದಿಂದ ಬೇಕಾಗಿದ್ದುದು ಒಂದೇ. ಡೆಲ್ಬರ್ಟ್ ಬಲಬದಿಯಲ್ಲಿ ಕೂರಬೇಕು, ಯಾವ ಡಾಕ್ಟರು ಯಾವ ನರ್ಸಿಗೆ ಮೋಸ ಮಾಡಿದ ಎಂದು ತಪ್ಪು ತಪ್ಪಾಗಿ ಕೇಳಬೇಕು, ತಾನು ತಿದ್ದಬೇಕು. ಡೆಲ್ಬರ್ಟನಿಗೂ ಸಾಕಾಗಿತ್ತು. ಎಡಮಂಡಿ ಸವೆದಿತ್ತು, ರೆಫರಿಗಳನ್ನು ಬೈದು ಬೈದು ಗಂಟಲು ಹೋಗಿತ್ತು, ಹೊಸ ಹುಡುಗರಿಗೆ ಅವನ ಬೈಗುಳ ಅರ್ಥವಾಗುತ್ತಿರಲಿಲ್ಲ.

ಒಂಟಿ ಮಂಗಳವಾರಗಳ ಫಲವಾಗಿ ಆರ್ಲೀನ್ ಬ್ಲಾಗು ಬರೆಯುತ್ತಿದ್ದಳು. ನೌಕರರ ಕುಟುಂಬಗಳಿಗೆಂದು ಕಾಲೇಜು ತನ್ನ ಜಾಲತಾಣದಲ್ಲಿ ಪುಟಗಳನ್ನು ಹಂಚಿದಾಗ ಕೇಳಿ ಪಡೆದವಳು ಆಕೆ ಒಬ್ಬಳೇ. ಪುಟದ ಹೆಸರು 'ಸೋಫಾದ ಎಡಬದಿ'. ವಿಷಯ ಇಂಥದ್ದೇ ಎಂದಿಲ್ಲ: ಒಂದು ದಿನ ಧಾರಾವಾಹಿ, ಒಂದು ದಿನ ಕೋಚ್ ಅವರ ತಂಡ, ಏನೂ ಇಲ್ಲದ ದಿನ ಬ್ಲಾಗು ಎಂದರೇನು ಎಂಬ ಚಿಂತನೆ. ಯಾರೂ ಕೇಳದ ಪ್ರಶ್ನೆಗೆ ಊರಿಗೆಲ್ಲ ಕೇಳುವಂತೆ ಉತ್ತರ ಕೊಡುವುದೇ ಬ್ಲಾಗು ಎಂದು ಆಕೆ ಒಮ್ಮೆ ಬರೆದಿದ್ದಳು. ಓದುಗರು ಪಕ್ಕದ ಮನೆಯ ಲವೋನ್, ಒಹಾಯೋದಲ್ಲಿದ್ದ ಒಬ್ಬ ಸೋದರಸಂಬಂಧಿ, ಮತ್ತು ಸೋಫಾ ಕೊಳ್ಳಲು ಹುಡುಕುತ್ತಾ ಬಂದು ಅಲ್ಲಿಯೇ ಉಳಿದುಹೋದ ಫಿನ್‌ಲ್ಯಾಂಡಿನ ಒಬ್ಬ ಗೃಹಸ್ಥ.

ಕ್ರೀಡಾ ನಿರ್ದೇಶಕ ರಾಯ್ಸ್ ಪೆಟ್ಟಿಜಾನ್ ಕೂಡ ಓದುತ್ತಾರೆಂಬುದು ಆಕೆಗೆ ಗೊತ್ತಿರಲಿಲ್ಲ.

ವಿದಾಯದ ಸೀಸನ್ ಪದ್ಧತಿಯ ಪ್ರಕಾರ ಶುರುವಾಯಿತು. ಆ ಕಡೆಯ ಪದ್ಧತಿ ಹೀಗೆ: ನಿವೃತ್ತರಾಗುವ ಕೋಚ್ ಎದುರಾಳಿಯ ಅಂಕಣಕ್ಕೆ ಕೊನೆಯ ಬಾರಿ ಬಂದಾಗ ಆ ಕಾಲೇಜಿನವರು ಎಲ್ಲರ ಮುಂದೆ ಒಂದು ತೂಗುಕುರ್ಚಿ ಕೊಡುತ್ತಾರೆ. ಅಷ್ಟು ವರ್ಷ ಶಾಪ ಹಾಕಿದವರೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಕೋಚ್ ಕುರ್ಚಿಯಲ್ಲಿ ಒಮ್ಮೆ ತೂಗಿ ಎದ್ದು ಕೈಬೀಸುತ್ತಾರೆ. ತಂಡ ಗೆಲ್ಲುತ್ತಿದ್ದ ವರ್ಷಗಳಲ್ಲಿಯೂ ಖಾಲಿ ಹೊಡೆಯುತ್ತಿದ್ದ ಬ್ರುಬೇಕರ್ ಕ್ರೀಡಾಂಗಣ ಈಗ ಸೋಲುತ್ತಿದ್ದಾಗ ತುಂಬಿ ತುಳುಕಿತು. ಜನ ಆಟ ನೋಡಲು ಬರುತ್ತಿರಲಿಲ್ಲ. ಹೋಗುವವರನ್ನು ನೋಡಲು ಬರುತ್ತಿದ್ದರು. ರಾಯ್ಸ್ ಅವರು ಬಾಗಿಲ ಬಳಿ ನಿಂತು ಈ ದೃಶ್ಯವನ್ನು ನೋಡಿ ಕಣ್ಣೊರೆಸಿಕೊಂಡರು ಎನ್ನುತ್ತಾರೆ.

ಅದೇ ವಾರ ಆರ್ಲೀನ್ ತೋಚಿದ್ದನ್ನು ಬರೆದಳು. 'ಗ್ರೇಸನ್ ಆಸ್ಪತ್ರೆ'ಯ ಮುದಿ ಶಸ್ತ್ರವೈದ್ಯ ಡಾಕ್ಟರ್ ಕ್ವಿಲ್ ಶರತ್ಕಾಲದಲ್ಲಿ ಹೊರಟವರು ಚಳಿಗಾಲ ಮುಗಿಯುತ್ತಾ ಬಂದರೂ ಹೋಗಿಲ್ಲ, ವಾರಕ್ಕೊಬ್ಬರನ್ನು ತಬ್ಬಿಕೊಳ್ಳುತ್ತಿದ್ದಾರೆ, ತಬ್ಬಿಕೊಳ್ಳಲು ಜನ ಸಾಲದೆ ಬಂದಾಗ ಆಸ್ಪತ್ರೆಗೆ ಹೊಸ ನರ್ಸುಗಳನ್ನು ನೇಮಿಸುತ್ತಾರೆ, ನಮ್ಮವರದು ಹಾಗಾಗದಿದ್ದರೆ ಸಾಕು. ಫಿನ್‌ಲ್ಯಾಂಡಿನ ಗೃಹಸ್ಥ ಇದು ಬಹಳ ಆಳವಾದ ಮಾತು ಎಂದು ಕೆಳಗೆ ಬರೆದ.

ಸೀಸನ್ ಮುಗಿದ ಭಾನುವಾರ, ಚರ್ಚಿನಿಂದ ಬಂದ ಮೇಲೆ, ರಾಯ್ಸ್ ಅವರು ಸಕ್ಕರೆ ಕೆನೆಯ ಪೈ ಹಿಡಿದುಕೊಂಡು ಮನೆಗೆ ಬಂದರು. ನಡುಮನೆಯಲ್ಲಿ ತೂಗುಕುರ್ಚಿಗಳು ಕಿಕ್ಕಿರಿದಿದ್ದರಿಂದ ಮೂವರೂ ತೂಗುತ್ತಲೇ ಮಾತಾಡಬೇಕಾಯಿತು.

"ಟಿಪೆಟ್ ಕಾಲೇಜಿನವರು ನಿಮಗಿನ್ನೂ ವಿದಾಯ ಹೇಳಿಲ್ಲ, ಕೋಚ್," ಎಂದರು ರಾಯ್ಸ್.

"ಹಿಮ ಬಿದ್ದು ರಸ್ತೆ ಮುಚ್ಚಿತ್ತಲ್ಲಪ್ಪ. ಪಂದ್ಯಾನೇ ಆಗಲಿಲ್ಲ."

"ಅದನ್ನೇ ನಾನೂ ಹೇಳ್ತಿರೋದು. ಆಗಲಿಲ್ಲ."

"ಕುರ್ಚಿ ತಾನೇ? ಲಾರೀಲಿ ಹಾಕಿ ಕಳಿಸ್ಲಿ."

"ಲಾರೀಲಿ ವಿದಾಯ ತರಿಸ್ಕೊಳ್ಳೋದು ನಿಮ್ಮ ಘನತೆಗೆ ತಕ್ಕದ್ದಲ್ಲ, ಕೋಚ್. ಅಲ್ಲದೆ ನಿಯಮ ಬೇರೆ ಇದೆ."

ಯಾವ ನಿಯಮ ಎಂದು ಆರ್ಲೀನ್ ಕೇಳಿದಳು. ರಾಯ್ಸ್ ಅವರು ಗಂಟಲು ಸರಿಮಾಡಿಕೊಂಡು ಬಾಯಿಪಾಠ ಒಪ್ಪಿಸಿದರು. ಲೀಗಿನ ಸಮಸ್ತ ಸದಸ್ಯ ಕಾಲೇಜುಗಳಿಂದ ವಿದಾಯ ಸ್ವೀಕರಿಸದ ಕೋಚನ್ನು ನಿವೃತ್ತರೆಂದು ಪರಿಗಣಿಸತಕ್ಕದ್ದಲ್ಲ. ಅಂಥವರು ನಿವೃತ್ತರಾಗುತ್ತಿರುವವರು ಮಾತ್ರ. ನಿಯಮ ಯಾವಾಗಿನದು ಎಂದು ಆಕೆ ಮತ್ತೆ ಕೇಳಿದಾಗ, ಬೆಳಿಗ್ಗೆ ಉಪಾಹಾರದ ಹೊತ್ತಿನದು ಎಂದು ಅವರು ಪ್ರಾಮಾಣಿಕವಾಗಿಯೇ ಹೇಳಿದರು. ಹೊರಡುವಾಗ ಆಕೆಯ ಕೈ ಕುಲುಕಿ, ವಿದಾಯವನ್ನು ಲಂಬಿಸಬಹುದೆಂಬ ಮಾರ್ಗದರ್ಶನ ಆಕೆಯ ಬ್ಲಾಗಿನಿಂದಲೇ ದೊರೆತದ್ದೆಂದು ವಿದಾಯ ನಿರ್ವಹಣಾ ಸಮಿತಿಯ ಪರವಾಗಿ ಕೃತಜ್ಞತೆ ಸಲ್ಲಿಸಿದರು.

ಡೆಲ್ಬರ್ಟ್ ಪೈ ತಿಂದು ಮುಗಿಸಿದ. "ಒಂದೇ ಕುರ್ಚಿ ಅಲ್ವಾ," ಎಂದ.

ಮುಂದಿನ ಚಳಿಗಾಲದಲ್ಲಿ ಟಿಪೆಟ್ ಕಾಲೇಜು ಕುರ್ಚಿ ಕೊಟ್ಟಿತು. ಟಿಪೆಟ್‌ನ ಕುರ್ಚಿಗೆ ಹಿತ್ತಾಳೆಯ ಕುಸುರಿ ಇದ್ದುದರಿಂದ ಹಿಂದಿನ ವರ್ಷ ಬರಿಯ ಓಕ್ ಮರದ್ದು ಕೊಟ್ಟಿದ್ದ ಕಾಲೇಜುಗಳಿಗೆ ಅವಮಾನವಾಗಿ, ಅವರೆಲ್ಲ ಮತ್ತೊಮ್ಮೆ ವಿದಾಯ ಹೇಳಲು ಅನುಮತಿ ಕೋರಿದರು. ಅನುಮತಿ ನೀಡಲಾಯಿತು. ಅಷ್ಟರಲ್ಲಿ ಇನ್ನೊಂದು ಬೆಳವಣಿಗೆ ನಡೆದಿತ್ತು. ಕೋಚ್ ಸ್ಟೌಫರ್ ಎಲ್ಲಿಗೆ ವಿದಾಯಕ್ಕೆ ಹೋದರೂ ಅಲ್ಲಿಯ ಕ್ರೀಡಾಂಗಣ ತುಂಬುತ್ತದೆಂಬ ಸುದ್ದಿ ಹಬ್ಬಿ, ನೆಬ್ರಾಸ್ಕಾದ ಒಂದು ಕಾಲೇಜೂ ಆರೆಗಾನ್‌ನ ಒಂದು ಕಾಲೇಜೂ ತಮ್ಮ ಲೀಗುಗಳನ್ನು ಬಿಟ್ಟು ಬ್ರುಬೇಕರ್ ಇದ್ದ 'ಮೂರು ನದಿಗಳ ಲೀಗ್'ಗೆ ಬಂದು ಸೇರಿಕೊಂಡವು. ಆ ಎರಡೂ ಊರುಗಳ ಹತ್ತಿರ ಯಾವ ನದಿಯೂ ಇರಲಿಲ್ಲ. ಹೊಸ ಸದಸ್ಯರಾದ್ದರಿಂದ ಅವರಿಗೂ ವಿದಾಯ ಹೇಳುವ ಹಕ್ಕು ಪ್ರಾಪ್ತವಾಯಿತು. ನಿಯಮ ನಿಯಮವೇ. ಮೂರನೆಯ ಚಳಿಗಾಲವೂ ಹೋಯಿತು.

ಇತರ ಕಾಲೇಜುಗಳು ಸುಮ್ಮನೆ ಕೂರಲಿಲ್ಲ. ಒಂದೊಂದರ ಕೋಚೂ ನಿವೃತ್ತಿ ಘೋಷಿಸತೊಡಗಿದರು. ಆರೆಗಾನ್‌ನ ಕೋಚ್ ಇನ್ನೂ ಮದುವೆಯಾಗದ ಯುವಕ. ಅವನೂ ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನು ಮೊಮ್ಮಕ್ಕಳ ಜೊತೆ ಕಾಲ ಕಳೆಯುತ್ತೇನೆ ಎಂದ. ಗೊಂದಲ ಹೆಚ್ಚಿ, ಒಂದು ಪಂದ್ಯದಲ್ಲಿ ಇಬ್ಬರೂ ಕೋಚ್‌ಗಳು ಒಬ್ಬರಿಗೊಬ್ಬರು ಕುರ್ಚಿ ಕೊಟ್ಟುಕೊಂಡು ತೂಗುತ್ತಾ ಕೂತು, ಆಟ ಶುರುವಾಗುವುದೇ ತಡವಾಯಿತು. ಕೊನೆಗೆ ಲೀಗು ಮಧ್ಯೆ ಬಂದು, ನಿವೃತ್ತಿಯ ಘೋಷಣೆಗೆ ಮುಂಚೆ ಕನಿಷ್ಠ ಒಂದು ಪಂದ್ಯವನ್ನಾದರೂ ಆಡಿಸಿರತಕ್ಕದ್ದು ಎಂದು ಕಟ್ಟುನಿಟ್ಟಿನ ಆದೇಶ ಹೊರಡಿಸಿತು.

ಈ ಎಲ್ಲದರ ನಡುವೆ ಡೆಲ್ಬರ್ಟ್ ಕೃಶನಾದ. ಕೈಬೀಸುವುದು ಅಭ್ಯಾಸವಾಗಿ, ಬೆಳಿಗ್ಗೆ ಹಾಲಿನ ಡಬ್ಬಿ ತೆಗೆದು ಫ್ರಿಜ್ಜಿಗೂ ಒಮ್ಮೆ ಕೈಬೀಸುತ್ತಿದ್ದ. ಮಂಡಿ ಮಡಚಲು ಬರುತ್ತಿರಲಿಲ್ಲ. ಈ ಮನುಷ್ಯ ಇನ್ನೊಂದು ಚಳಿಗಾಲ ಬಸ್ಸಿನಲ್ಲಿ ಆರೆಗಾನ್‌ಗೆ ಹೋಗಿ ಬಂದರೆ ಮುಂದೆ ನಡೆಯುವ ಮಾತಿಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ಹೇಳಿ, ತಮ್ಮ ಮಗಳಿಗೆ ವಿದಾಯದ ಪಂದ್ಯಕ್ಕೆ ಮುಂದಿನ ಸಾಲಿನಲ್ಲಿ ಸೀಟು ಕೊಡಿಸಲು ಸಾಧ್ಯವೇ ಎಂದು ಕೇಳಿದರು.

ಆ ಮಂಗಳವಾರ ಆರ್ಲೀನ್ ಗಂಡನಿಗೆ ಹೋಗಬೇಡ ಎಂದಳು. ಡೆಲ್ಬರ್ಟ್ ಸ್ವೆಟರು, ಚಪ್ಪಲಿ ಹಾಕಿಕೊಂಡು ಸೋಫಾದ ಬಲಬದಿಯಲ್ಲಿ ಕೂತ. ಧಾರಾವಾಹಿಯ ಹಾಡು ಬಂತು. ಡಾಕ್ಟರ್ ಕ್ವಿಲ್ ಒಬ್ಬ ನರ್ಸಿನ ಜೊತೆ ಬಂದರು.

"ಇವನೇ ಅಲ್ವಾ ಅವಳ ಅಣ್ಣನ್ನ ಸಾಯಿಸಿದ್ದು?" ಎಂದು ಡೆಲ್ಬರ್ಟ್ ಕೇಳಿದ.

"ಅಲ್ಲ. ಇವನು ಬದುಕಿಸಿದ್ದು. ಸಾಯಿಸಿದ್ದು ಅವಳೇ," ಎಂದಳು ಆರ್ಲೀನ್. ಆಕೆ ಇಷ್ಟು ವರ್ಷ ಕಾದಿದ್ದುದು ಈ ಮಾತಿಗೆ.

ಅಷ್ಟರಲ್ಲಿ ಹೊರಗೆ ತುತ್ತೂರಿ ಕೇಳಿಸಿತು. ಕಿಟಕಿಯ ಪರದೆ ಸರಿಸಿದರೆ ಅಂಗಳದ ಹುಲ್ಲಿನ ಮೇಲೆ ಕಾಲೇಜಿನ ಬ್ಯಾಂಡು ಸಾಲಾಗಿ ನಿಂತಿತ್ತು. ಹಿಂದೆ ತಂಡದ ಬಸ್ಸು, ಬಸ್ಸಿನ ಮೆಟ್ಟಿಲ ಮೇಲೆ ರಾಯ್ಸ್. ಬ್ಯಾಂಡು ಕಾಲೇಜಿನ ಗೀತೆ ನುಡಿಸಿತು, ಮುಗಿಸಿತು, ಮತ್ತೆ ಮೊದಲಿಂದ ಶುರುಮಾಡಿತು. ಬೀದಿಯವರೆಲ್ಲ ಹೊರಗೆ ಬಂದು ಎದೆಯ ಮೇಲೆ ಕೈಯಿಟ್ಟು ನಿಂತರು. ಆ ಗೀತೆ ಮುಗಿಯುವವರೆಗೆ ಯಾರೂ ಕೂರುವಂತಿಲ್ಲ, ಲವೋನ್‌ಳ ಅತ್ತೆಗೆ ತೊಂಬತ್ತು ದಾಟಿತ್ತು. ಡೆಲ್ಬರ್ಟ್ ಆ ಮುದುಕಿಯ ಮುಖ ನೋಡಿ ಚಪ್ಪಲಿಯಲ್ಲಿಯೇ ಎದ್ದು ಹೋದ. ಆ ದಿನ ಅಂಕಣದಲ್ಲಿ ಕೋಚ್ ಚಪ್ಪಲಿಯಲ್ಲಿ ಕಾಣಿಸಿಕೊಂಡದ್ದನ್ನು ಜನ ನಿರಹಂಕಾರದ ಗುರುತೆಂದು ತಿಳಿದರು. ಮರುವಾರ ಕಾಲೇಜಿನ ಅಂಗಡಿಯಲ್ಲಿ ಅಂಥ ಚಪ್ಪಲಿಗಳು ಮಾರಾಟಕ್ಕೆ ಬಂದವು.

ಆರ್ಲೀನ್ ಒಬ್ಬಳೇ ಕೂತು ಯೋಚಿಸಿದಳು. ಧಾರಾವಾಹಿಯಿಂದ ಬಂದ ಪೀಡೆ ಧಾರಾವಾಹಿಯಿಂದಲೇ ಹೋಗಬೇಕು. ಪಾತ್ರಗಳು ಧಾರಾವಾಹಿ ಬಿಟ್ಟು ಹೋಗುವ ದಾರಿಗಳನ್ನು ಆಕೆ ಬ್ಲಾಗಿನಲ್ಲಿ ಒಂದೊಂದಾಗಿ ಚರ್ಚಿಸಿದಳು. ಮೊದಲು ಸಾವಿನ ಬಗ್ಗೆ ಬರೆದಳು. ಮಾರನೆಯ ಬೆಳಿಗ್ಗೆಯೇ ರಾಯ್ಸ್ ಫೋನು ಮಾಡಿ, ಸ್ಮರಣಾರ್ಥ ಸೀಸನ್ ಒಂದನ್ನು ನಡೆಸುವ ಸಾಧ್ಯತೆಯನ್ನು ಸಮಿತಿ ಸ್ವಾಗತಿಸಿದೆ, ಕೋಚ್ ಅವರದು ಏನಾದರೂ ಅಭ್ಯಂತರವಿದೆಯೇ ಎಂದು ವಿಚಾರಿಸಿದರು. ಅಭ್ಯಂತರವಿದೆ ಎಂದು ಆರ್ಲೀನ್ ತಿಳಿಸಿದಳು. ನೆನಪು ಅಳಿಸಿಹೋಗುವುದರ ಬಗ್ಗೆ ಬರೆಯಲು ಹೊರಟು, ಮರೆತ ವಿದಾಯಗಳನ್ನೆಲ್ಲ ಮೊದಲಿನಿಂದ ಹೇಳಿಯಾರು ಎಂದು ಹೆದರಿ ಅಳಿಸಿದಳು.

ಆಗ ಅದೃಷ್ಟ ಆಕೆಯ ಕಡೆ ನೋಡಿತು. ಡಾಕ್ಟರ್ ಕ್ವಿಲ್ ಪಾತ್ರದ ನಟ ಬೇಸರಗೊಂಡು ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ಬೆಳೆಯಲು ಹೊರಟುಹೋದ. ಮುಂದಿನ ಮಂಗಳವಾರ ಬಾಗಿಲು ತೆರೆದು ಬೇರೆಯೇ ಮನುಷ್ಯನೊಬ್ಬ ಒಳಗೆ ಬಂದ. ಇನ್ನು ಮುಂದೆ ಡಾಕ್ಟರ್ ಕ್ವಿಲ್ ಪಾತ್ರದಲ್ಲಿ ಇಂಥವರು ಎಂದು ಒಂದು ಗಂಭೀರ ದನಿ ಹೇಳಿತು. ಡಾಕ್ಟರ ಹೆಂಡತಿ ಅವನನ್ನು ಮುದ್ದಿಟ್ಟು ಊಟಕ್ಕೆ ಏನು ಮಾಡಲಿ ಎಂದು ಕೇಳಿದಳು. ಅಷ್ಟೇ. ಆರ್ಲೀನ್ ಇದನ್ನು ಒಂದಕ್ಷರ ಹೆಚ್ಚಿಸದೆ, ಕಡಿಮೆ ಮಾಡದೆ ಬರೆದಳು. ಕೊನೆಯಲ್ಲಿ, ಇಷ್ಟು ಸುಲಭವಾದ ಉಪಾಯ ನಮ್ಮ ಊರಿನ ದೊಡ್ಡವರಿಗೆ ಹೊಳೆಯುವುದು ಕಷ್ಟ ಎಂದೊಂದು ಸಾಲು ಸೇರಿಸಿದಳು.

ಹೊಳೆಯಿತು. ಸಮಿತಿ ತುರ್ತಾಗಿ ಸೇರಿ, ನಿವೃತ್ತರಾಗುತ್ತಿರುವ ಕೋಚ್ ಎಂಬುದು ಒಂದು ಹುದ್ದೆಯೇ ಹೊರತು ಒಬ್ಬ ವ್ಯಕ್ತಿಯಲ್ಲ ಎಂದು ಸರ್ವಾನುಮತದಿಂದ ಕಂಡುಕೊಂಡಿತು. ಸಹಾಯಕ ಕೋಚ್ ಟ್ರೆಂಟ್ ಮೇಹ್ಯೂ ಎಂಬ ದಟ್ಟ ಕೂದಲಿನ ಉದ್ದನೆಯ ಯುವಕನಿಗೆ ಕಂದು ಕೋಟು ತೊಡಿಸಿ, ತಲೆಗೆ ಬಿಳಿ ಪುಡಿ ಹಚ್ಚಿ, ಕುಂಟಲು ಕಲಿಸಿದರು. ಮೊದಲ ದಿನ ಅವನು ಬಲಗಾಲಿನಲ್ಲಿ ಕುಂಟಿದ, ಯಾರೂ ಆಕ್ಷೇಪಿಸಲಿಲ್ಲ. ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: "ಮಾನ್ಯರೇ, ಈ ಸಂಜೆಯಿಂದ ಕೋಚ್ ಡೆಲ್ಬರ್ಟ್ ಸ್ಟೌಫರ್ ಅವರ ಪಾತ್ರವನ್ನು ಟ್ರೆಂಟ್ ಮೇಹ್ಯೂ ನಿರ್ವಹಿಸಲಿದ್ದಾರೆ. ದಯವಿಟ್ಟು ಎದ್ದು ನಿಲ್ಲಿ." ಜನ ಎದ್ದು ನಿಂತರು, ಅತ್ತರು, ಚಪ್ಪಾಳೆ ತಟ್ಟಿದರು. ಕೋಚ್ ಕುರ್ಚಿಯಲ್ಲಿ ಒಮ್ಮೆ ತೂಗಿ ಎದ್ದು ಕೈಬೀಸಿದರು.

ಮಾರನೆಯ ದಿನ ಲವೋನ್ ಬೇಲಿಯ ಮೇಲಿಂದ ಬಗ್ಗಿ, "ಕೋಚ್ ಎಷ್ಟು ಲಕ್ಷಣವಾಗಿ ಕಾಣ್ತಾರೆ ಕಣೆ ಈ ಸಲ," ಎಂದಳು. "ನಿವೃತ್ತಿ ಅವರಿಗೆ ಒಗ್ಗಿದೆ."

"ಕೋಚ್ ಇಲ್ಲೇ ಎಲೆ ಗುಡಿಸ್ತಿದ್ದಾನೆ, ನೋಡು," ಎಂದಳು ಆರ್ಲೀನ್.

ಲವೋನ್ ಡೆಲ್ಬರ್ಟನ ಕಡೆ ಸೌಜನ್ಯದಿಂದ ತಲೆಯಾಡಿಸಿ, ನಿಮ್ಮನೆಯವರೂ ಚೆನ್ನಾಗಿದ್ದಾರೆ ಎಂದಳು.

ಕೆಲವು ಸಣ್ಣಪುಟ್ಟ ಹೊಂದಾಣಿಕೆಗಳು ಅಗತ್ಯವಾದವು. ಡೆಲ್ಬರ್ಟ್ ಎಂದಿನಂತೆ ಬೀದಿಯ ತುದಿಯ ಹೋಟೆಲಿಗೆ ಹೋಗಿ ಕಿಟಕಿಯ ಪಕ್ಕ ಕೂತಾಗ, ಅವನಿಗೆ ವರ್ಷಗಟ್ಟಲೆ ಕಾಫಿ ಕೊಟ್ಟಿದ್ದ ಹೆಂಗಸೇ ಬಂದು, "ಈ ಕಡೆ ಕೂತ್ಕೋ ತಾತ, ಅದು ಕೋಚ್ ಕೂರೋ ಜಾಗ," ಎಂದಳು. ಅವನು ಸರಿದು ಕೂತ. ಪಾದ್ರಿ ಅವನನ್ನು ಚರ್ಚಿನ ಬಾಗಿಲಲ್ಲಿ ತಡೆದು, ಹೊಸಬರೇ ಎಂದು ಕೈಕುಲುಕಿದರು. ದಂತವೈದ್ಯರು, ನಿಮ್ಮ ಹಲ್ಲು ಥೇಟ್ ಕೋಚ್ ಅವರ ಹಳೆಯ ಹಲ್ಲಿನಂತಿವೆ ಎಂದು ಮೆಚ್ಚಿಕೊಂಡರು. ಡೆಲ್ಬರ್ಟ್ ಇದಾವುದಕ್ಕೂ ಬೇಸರ ಪಡಲಿಲ್ಲ. ಅವನ ಮಂಡಿ ಮಡಚಲು ಬರುತ್ತಿತ್ತು.

ಬೇಸರವಾದದ್ದು ಆರ್ಲೀನ್‌ಗೆ, ಅದೂ ಬೇರೆ ಕಾರಣಕ್ಕೆ. ಇನ್ನು ಮುಂದೆ ಕೋಚ್ ಅವರ ಹೆಂಡತಿಯೂ ಪಂದ್ಯಗಳಲ್ಲಿ ಬೆಂಚಿನ ಹಿಂದೆ ಕೂರಬೇಕು, ಕೋಚ್ ಕೈಬೀಸಿದಾಗ ಕರವಸ್ತ್ರ ತೆಗೆಯಬೇಕು ಎಂದು ಸಮಿತಿ ವಿದಾಯಕ್ಕೆ ಹೊಸ ಅಂಗವೊಂದನ್ನು ಸೇರಿಸಿತು. ಟ್ರೆಂಟ್ ಮೇಹ್ಯೂ ಕೈಬೀಸಿದರೆ ತಾನು ಅಳುವುದು ಸಾಧ್ಯವಿಲ್ಲ ಎಂದು ಆಕೆ ಖಂಡಿತವಾಗಿ ಹೇಳಿದಳು. ಸಮಿತಿ ಆಕೆಯ ಭಾವನೆಗಳನ್ನು ಗೌರವಿಸಿ, ಪ್ರವೇಶ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ನಗುಮುಖದ ಒಬ್ಬ ಹೆಂಗಸನ್ನು ಆರ್ಲೀನ್ ಸ್ಟೌಫರ್ ಪಾತ್ರಕ್ಕೆ ನೇಮಿಸಿತು. ಪಾತ್ರದೊಂದಿಗೆ ಕಾಲೇಜಿನ ಜಾಲತಾಣದಲ್ಲಿದ್ದ ಪುಟವೂ ಹೋಯಿತು. ಒಂದು ಬೆಳಿಗ್ಗೆ ಆರ್ಲೀನ್ ಬ್ಲಾಗು ತೆರೆದರೆ ಗುಪ್ತಪದ ಬದಲಾಗಿತ್ತು. ಆಕೆ ರಾತ್ರಿ ಮಲಗಿದ ಮೇಲೆ ಆಕೆಯೇ ಒಂದು ಬರಹ ಬರೆದಿದ್ದಳು, ಕೋಚ್ ಅವರಿಗೆ ದಾಲ್ಚಿನ್ನಿ ಹಾಕಿದ ಸೇಬಿನ ಪೈ ಎಂದರೆ ಪ್ರಾಣ ಎಂದು.

ಆರ್ಲೀನ್ ಕೆಳಗೆ ಟಿಪ್ಪಣಿ ಬರೆದಳು: ಡೆಲ್ಬರ್ಟ್ ಸ್ಟೌಫರ್ ಮದುವೆಯಾದಂದಿನಿಂದ ದಾಲ್ಚಿನ್ನಿ ಮುಟ್ಟಿಲ್ಲ, ಮುಟ್ಟಿದರೆ ಮೈಮೇಲೆ ದದ್ದು ಏಳುತ್ತದೆ. ಗಂಟೆಯೊಳಗೆ ಉತ್ತರ ಬಂತು. ಪ್ರಿಯ ಓದುಗರೇ, ನಮ್ಮ ಕುಟುಂಬದ ಬಗ್ಗೆ ನಿಮಗಿರುವ ಅಭಿಮಾನ ಕಂಡು ಹೃದಯ ತುಂಬಿ ಬಂತು, ಇಂತಿ ನಿಮ್ಮ ಆರ್ಲೀನ್. ಅದರ ಕೆಳಗೆ ಫಿನ್‌ಲ್ಯಾಂಡಿನ ಗೃಹಸ್ಥ, ಇತ್ತೀಚೆಗೆ ನಿಮ್ಮ ಶೈಲಿ ಹಗುರಾಗಿದೆ, ಅಭಿನಂದನೆಗಳು ಎಂದು ಬರೆದಿದ್ದ.

"ಬೇಜಾರು ಮಾಡ್ಕೋಬೇಡ ಕಣೆ," ಎಂದಳು ಲವೋನ್. "ನೀನೂ ಚೆನ್ನಾಗೇ ಬರೀತಿದ್ದೆ. ಆದ್ರೆ ಈ ಆರ್ಲೀನ್ ಚುಟುಕಾಗಿ ಬರೀತಾಳೆ, ಫೋಟೋನೂ ಹಾಕ್ತಾಳೆ."

ಆರ್ಲೀನ್ ರಾಯ್ಸ್ ಅವರಲ್ಲಿಗೆ ದೂರು ಒಯ್ದಳು. ಅವರು ಕುರ್ಚಿ ಕೊಟ್ಟು ಕೂರಿಸಿ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಪುಟ ಹಿಂದಕ್ಕೆ ಬೇಕೆಂದರೆ ಆಕೆ ಪಾತ್ರಕ್ಕೆ ಮರಳಬಹುದು. ಆದರೆ ಹೆಂಡತಿಯನ್ನು ಮಾತ್ರ ಹಳಬಳನ್ನಿಟ್ಟು ಗಂಡನನ್ನು ಹೊಸಬನನ್ನಿಡುವುದು ನೋಡುವವರಿಗೆ ಮುಜುಗರ, ಆದ್ದರಿಂದ ಡೆಲ್ಬರ್ಟ್ ಅವರನ್ನೂ ಕರೆದುಕೊಂಡು ಬರಬೇಕಾಗುತ್ತದೆ. ಆರೆಗಾನ್‌ನ ಬಸ್ಸು ಸೋಮವಾರ ಹೊರಡುತ್ತದೆ. ಯಾವುದು ಬೇಕೆಂದು ಕೇಳಿದರು.

ಆರ್ಲೀನ್ ಬಹಳ ಹೊತ್ತು ಯೋಚಿಸಲಿಲ್ಲ. ಹೊಸ ಆರ್ಲೀನ್‌ಗೆ ಶುಭಾಶಯ ತಿಳಿಸಿ ಎಂದು ಹೇಳಿ ಮನೆಗೆ ಬಂದಳು.

ಆ ಮಂಗಳವಾರ ಡೆಲ್ಬರ್ಟ್ ಸೋಫಾದ ಬಲಬದಿಯಲ್ಲಿ ಕೂತಿದ್ದ. ಕಾಲಿಗೆ ಬಿಸಿನೀರಿನ ಚೀಲ, ಮಡಿಲಲ್ಲಿ ಜೋಳದ ಅರಳು. ವಿದಾಯದ ಪಂದ್ಯಗಳನ್ನು ನೋಡುವವರು ಹೆಚ್ಚಾದ್ದರಿಂದ ಟೀವಿಯವರು ಆ ಹೊತ್ತಿನಲ್ಲಿ 'ಗ್ರೇಸನ್ ಆಸ್ಪತ್ರೆ'ಯನ್ನು ತೆಗೆದು ಆರೆಗಾನ್‌ನಿಂದ ನೇರವಾಗಿ ಪಂದ್ಯವನ್ನೇ ಹಾಕಿದ್ದರು. ಆರ್ಲೀನ್ ಅದನ್ನೇ ನೋಡಿದಳು. ಕೋಚ್ ಸ್ಟೌಫರ್ ಕುಂಟುತ್ತಾ ಬಂದು ಕುರ್ಚಿ ಸ್ವೀಕರಿಸಿದರು. ಬೆಂಚಿನ ಹಿಂದೆ ಅವರ ಹೆಂಡತಿ ಕರವಸ್ತ್ರ ತೆಗೆದಳು. ಆಟ ಶುರುವಾಯಿತು, ಬ್ರುಬೇಕರ್ ತಂಡ ಮೊದಲಿನಿಂದಲೇ ಹಿಂದೆ ಬಿತ್ತು.

ಡೆಲ್ಬರ್ಟ್ ಮುಂದಕ್ಕೆ ಬಾಗಿದ. ಅರಳು ತಿನ್ನುವುದನ್ನು ನಿಲ್ಲಿಸಿದ. "ಏನು ಆಡಿಸ್ತಿದ್ದಾನೆ ಈ ಮನುಷ್ಯ?" ಎಂದ. "ಆ ಉದ್ದನೇ ಹುಡುಗನ್ನ ಬುಟ್ಟಿ ಹತ್ರ ನಿಲ್ಸೋದು ಬಿಟ್ಟು. ಇವನಿಗೆ ವಯಸ್ಸಾಯ್ತು ಆರ್ಲೀನ್, ಏನೂ ತೋಚ್ತಿಲ್ಲ. ಸಾಕು, ಮನೇಗೆ ಹೋಗಿ ಕೂತ್ಕೋ ಅಂತ ಯಾರಾದ್ರೂ ಹೇಳಬಾರದಾ?"

"ಅವನ ಹೆಂಡ್ತಿ ಬಿಡಲ್ವಂತೆ," ಎಂದಳು ಆರ್ಲೀನ್. "ಬ್ಲಾಗಲ್ಲಿ ಬರ್ದಿದಾಳೆ."

"ಪಾಪ," ಎಂದು ಡೆಲ್ಬರ್ಟ್ ಅರಳಿನ ಬಟ್ಟಲನ್ನು ಆಕೆಯ ಕಡೆ ಸರಿಸಿದ.